ಅರ್ಥವಾಗದಿರುವುದು ಯಾರಿಗೆ?

ಎರಡು ತ್ರಿಕೋನ, ಒಂದು ಪುಟ್ಟ ವೃತ್ತ, ಬಾಗಿಲಿರುವ ಒಂದು ಆಯತ. ಫ್ರಿಟ್ಸ್ ಹೈಡರ್ ಮತ್ತು ಮರಿಯಾನ್ ಸಿಮೆಲ್ ಎಂಬ ಮನಶ್ಶಾಸ್ತ್ರಜ್ಞರು 1944ರಲ್ಲಿ ಪ್ರಕಟಿಸಿದ ಪ್ರಯೋಗದ ಚಲನಚಿತ್ರದಲ್ಲಿ ಇದ್ದದ್ದು ಇಷ್ಟೇ. ಸುಮಾರು ಎರಡೂವರೆ ನಿಮಿಷ ಈ ಆಕೃತಿಗಳು ಪರದೆಯ ಮೇಲೆ ಅತ್ತಿತ್ತ ಸರಿಯುತ್ತವೆ, ಒಂದಕ್ಕೊಂದು ತಾಗುತ್ತವೆ, ಆಯತದ ಒಳಹೊಕ್ಕು ಹೊರಬರುತ್ತವೆ. ಮಾತಿಲ್ಲ, ಮುಖವಿಲ್ಲ. ಅಮೆರಿಕದ ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಅದನ್ನು ತೋರಿಸಿ, ಕಂಡದ್ದನ್ನು ಬರೆಯಿರಿ ಎಂದಾಗ ಮೊದಲ ಗುಂಪಿನ 34 ಮಂದಿಯಲ್ಲಿ ಜ್ಯಾಮಿತಿಯ ಭಾಷೆಯಲ್ಲಿ ಬರೆದವರು ಒಬ್ಬರೇ. ಉಳಿದವರಿಗೆ ಕಂಡದ್ದು ಜೀವವಿರುವವರು. ದೊಡ್ಡ ತ್ರಿಕೋನ ಪುಂಡ, ಚಿಕ್ಕದು ಅವನನ್ನು ಎದುರುಹಾಕಿಕೊಂಡ ಧೈರ್ಯವಂತ, ವೃತ್ತ ಹೆದರಿದ ಹುಡುಗಿ ಎಂಬಂಥ ಕಥೆಗಳು ಹುಟ್ಟಿಕೊಂಡವು.

ಕಣ್ಣಿಗೆ ಬಿದ್ದ ಚಲನೆಯ ಹಿಂದೆ ಒಂದು ಮನಸ್ಸನ್ನು ಕಾಣುವ ಈ ಅಭ್ಯಾಸ ಬಹುತೇಕರಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದೊಂದು ಕೆಲಸ ಎಂದೇ ಅವರಿಗೆ ಅನಿಸುವುದಿಲ್ಲ. ಎದುರಿಗಿರುವವರ ಹುಬ್ಬು, ದನಿ, ನಿಂತ ಭಂಗಿ ನೋಡಿ ಅವರ ಮನಸ್ಸಿನಲ್ಲೇನಿದೆ ಎಂದು ಊಹಿಸುವುದನ್ನು ವಿಜ್ಞಾನಿಗಳು ಸಾಮಾಜಿಕ ಗ್ರಹಿಕೆ ಎನ್ನುತ್ತಾರೆ. ಆಟಿಸಂ ಇರುವವರಲ್ಲಿ ಈ ಗ್ರಹಿಕೆ ಹೇಗಿರುತ್ತದೆ ಎಂಬುದರ ಬಗ್ಗೆ ನಾಲ್ಕು ದಶಕಗಳ ಸಂಶೋಧನೆ ನಮ್ಮ ಮುಂದಿದೆ. ಅದರ ಬಹುಪಾಲು ಕೇಳಿದ್ದು ಒಂದೇ ಪ್ರಶ್ನೆಯನ್ನು: ಆಟಿಸಂ ಇರುವವರಿಗೆ ಬೇರೆಯವರು ಏಕೆ ಅರ್ಥವಾಗುವುದಿಲ್ಲ? ಬೇರೆಯವರಿಗೆ ಆಟಿಸಂ ಇರುವವರು ಎಷ್ಟು ಅರ್ಥವಾಗುತ್ತಾರೆ ಎಂದು ಕೇಳುವುದಕ್ಕೆ ಶುರುಮಾಡಿದ್ದು ಈಚೆಗೆ, ಹದಿನೈದು ವರ್ಷಗಳಿಂದೀಚೆಗೆ. ಸಿಕ್ಕಿದ ಉತ್ತರ ಆಟಿಸಂ ಇಲ್ಲದವರಿಗೆ ಅಷ್ಟೇನೂ ಹಿತವಾಗಿಲ್ಲ.

ಮೊದಲ ಪ್ರಶ್ನೆಯ ಇತಿಹಾಸ ಶುರುವಾಗುವುದು ಒಂದು ಗೋಲಿಯಿಂದ. 1985ರಲ್ಲಿ ಲಂಡನ್ನಿನಲ್ಲಿ ಸೈಮನ್ ಬ್ಯಾರನ್-ಕೋಹೆನ್, ಆಲನ್ ಲೆಸ್ಲಿ ಮತ್ತು ಉಟಾ ಫ್ರಿತ್ ಮಕ್ಕಳ ಮುಂದೆ ಎರಡು ಗೊಂಬೆಗಳನ್ನು ಇಟ್ಟರು. ಸ್ಯಾಲಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಆನ್ ಅದನ್ನು ತೆಗೆದು ಪೆಟ್ಟಿಗೆಯಲ್ಲಿ ಅಡಗಿಸುತ್ತಾಳೆ. ವಾಪಸು ಬಂದ ಸ್ಯಾಲಿ ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ? ಬುಟ್ಟಿಯಲ್ಲಿ ಎಂದು ಹೇಳಬೇಕಾದರೆ, ನಿಜ ಸಂಗತಿ ಬೇರೆ, ಸ್ಯಾಲಿ ನಂಬಿರುವುದು ಬೇರೆ ಎಂಬುದು ಹೊಳೆಯಬೇಕು. ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳು ಪೆಟ್ಟಿಗೆಯನ್ನು ತೋರಿಸಿದರು. ಡೌನ್ ಸಿಂಡ್ರೋಮ್ ಇದ್ದ ಮಕ್ಕಳಲ್ಲೂ ಉಳಿದ ಮಕ್ಕಳಲ್ಲೂ ಹೆಚ್ಚಿನವರು ಸರಿಯಾಗಿ ಉತ್ತರಿಸಿದರು. ಅಲ್ಲಿಂದ ಮುಂದೆ ಆಟಿಸಂ ಎಂದರೆ ಇತರರ ಮನಸ್ಸು ಕಾಣದ ಕುರುಡು ಎಂಬ ಮಾತು ಪಠ್ಯಪುಸ್ತಕಗಳಿಗೂ ಸಿನಿಮಾಗಳಿಗೂ ಹಬ್ಬಿತು.

ಸರಿಯಾಗಿ ಉತ್ತರಿಸಿದ ಉಳಿದ ನಾಲ್ಕು ಮಕ್ಕಳನ್ನು ಯಾರೂ ಅಷ್ಟಾಗಿ ನೆನೆಯಲಿಲ್ಲ. ಆದರೆ ಮಕ್ಕಳು ದೊಡ್ಡವರಾಗುತ್ತಾರೆ. ಚೆನ್ನಾಗಿ ಮಾತು ಬಲ್ಲ, ಓದಿ ಕೆಲಸಕ್ಕೆ ಸೇರಿದ ವಯಸ್ಕರಿಗೆ ಗೊಂಬೆಯ ಪ್ರಶ್ನೆ ಕಷ್ಟವೇನಲ್ಲ. ಪರೀಕ್ಷೆಯಲ್ಲಿ ಪಾಸಾದವರಿಗೂ ದಿನನಿತ್ಯದ ಮಾತುಕತೆಯಲ್ಲಿ ತೊಡಕಾಗುತ್ತಿತ್ತು. ಹಾಗಾಗಿ ಪರೀಕ್ಷೆಯನ್ನು ಬಿಗಿ ಮಾಡಲಾಯಿತು. ಬ್ಯಾರನ್-ಕೋಹೆನ್ ಅವರ ತಂಡ 1997ರಲ್ಲಿ ರೂಪಿಸಿ 2001ರಲ್ಲಿ ಪರಿಷ್ಕರಿಸಿದ ಪರೀಕ್ಷೆಯಲ್ಲಿ 36 ಚಿತ್ರಗಳಿವೆ. ಪ್ರತಿ ಚಿತ್ರದಲ್ಲೂ ಕಾಣುವುದು ಕಣ್ಣುಗಳ ಭಾಗ ಮಾತ್ರ. ಕೊಟ್ಟ ನಾಲ್ಕು ಪದಗಳಲ್ಲಿ ಆ ಕಣ್ಣಿನ ಭಾವಕ್ಕೆ ಹೊಂದುವುದನ್ನು ಆರಿಸಬೇಕು. ಆಟಿಸಂ ಇರುವ ವಯಸ್ಕರಿಗೆ ಸರಾಸರಿ ಅಂಕ ಕಡಿಮೆ ಬಂತು. ತ್ರಿಕೋನಗಳ ಹಳೆಯ ಚಿತ್ರವೂ ಮತ್ತೆ ಹೊರಬಂತು. ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಆಮಿ ಕ್ಲಿನ್ 2000ದಲ್ಲಿ ಅದನ್ನು ಆಟಿಸಂ ಇರುವ ಹದಿಹರೆಯದವರಿಗೂ ವಯಸ್ಕರಿಗೂ ತೋರಿಸಿದರು. ಇವರಾರೂ ಬುದ್ಧಿಮತ್ತೆಯಲ್ಲಿ ಹಿಂದೆ ಬಿದ್ದವರಲ್ಲ. ಆದರೂ ಆ ಚಿತ್ರದಲ್ಲಿದ್ದ ಸಾಮಾಜಿಕ ಅಂಶಗಳಲ್ಲಿ ಅವರು ಗುರುತಿಸಿದ್ದು ನಾಲ್ಕನೇ ಒಂದರಷ್ಟನ್ನು ಮಾತ್ರ.

ಕ್ಲಿನ್ ಅವರ ಇನ್ನೊಂದು ಪ್ರಯೋಗ ಇಂದಿಗೂ ಓದಲು ಸ್ವಾರಸ್ಯವಾಗಿದೆ. ಎಲಿಜಬೆತ್ ಟೇಲರ್ ಮತ್ತು ರಿಚರ್ಡ್ ಬರ್ಟನ್ ನಟಿಸಿದ 1966ರ ‘ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?’ ಸಿನಿಮಾದ ತುಣುಕುಗಳನ್ನು ತೋರಿಸುತ್ತಾ, ನೋಡುವವರ ದೃಷ್ಟಿ ಪರದೆಯ ಮೇಲೆ ಎಲ್ಲೆಲ್ಲಿ ನೆಟ್ಟಿದೆ ಎಂಬುದನ್ನು ಯಂತ್ರದಿಂದ ಅಳೆದರು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆಟಿಸಂ ಇಲ್ಲದವರು ಪಾತ್ರಗಳ ಕಣ್ಣುಗಳನ್ನು ಎರಡು ಪಟ್ಟಿಗೂ ಹೆಚ್ಚು ಹೊತ್ತು ನೋಡಿದರು. ಆಟಿಸಂ ಇರುವವರ ದೃಷ್ಟಿ ಬಾಯಿಯ ಮೇಲೆ, ದೇಹದ ಮೇಲೆ, ಕೋಣೆಯ ವಸ್ತುಗಳ ಮೇಲೆ ಹರಿದಾಡಿತು. ಸುದ್ದಿಯಾದದ್ದು ಇಷ್ಟು ಭಾಗ. ಸುದ್ದಿಯಾಗದೆ ಉಳಿದದ್ದು ಬೇರೆಯೇ ಇದೆ. ಆಟಿಸಂ ಇರುವವರ ಪೈಕಿ ಬಾಯಿಯನ್ನು ಹೆಚ್ಚು ನೋಡಿದವರೇ ನಿಜಜೀವನದಲ್ಲಿ ಜನರೊಂದಿಗೆ ಚೆನ್ನಾಗಿ ಹೊಂದಿಕೊಂಡವರಾಗಿದ್ದರು. ಕಣ್ಣನ್ನು ನೋಡಿದ ಹೊತ್ತಿಗೂ ಹೊಂದಾಣಿಕೆಗೂ ಅಂಥ ಸಂಬಂಧವೇ ಕಾಣಲಿಲ್ಲ. ಬಾಯಿ ನೋಡುವವರಿಗೆ ಮಾತು ಸ್ಪಷ್ಟವಾಗುತ್ತದೆ, ಮಾತಿನ ಮೂಲಕ ಅವರು ಸಂದರ್ಭವನ್ನು ತಿಳಿಯುತ್ತಾರೆ ಎಂಬುದು ಇದಕ್ಕೆ ಕೊಡುವ ವಿವರಣೆ. ಕಣ್ಣಿನ ಹಾದಿ ಬಿಟ್ಟು ಬೇರೆ ಹಾದಿ ಹಿಡಿದು ಅವರೂ ಅದೇ ಊರು ಸೇರಿದ್ದರು.

ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬೇಕು ಎಂಬ ಒತ್ತಾಯದ ಬಗ್ಗೆಯೂ ಒಂದು ಮಾತು ಹೇಳಬೇಕು. ನೂಷಿನ್ ಹಾಜಿಖಾನಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಮಿದುಳಿನ ಚಿತ್ರಣದ ಅಧ್ಯಯನದಲ್ಲಿ, ಎದುರಿನ ಮುಖದ ಕಣ್ಣುಗಳನ್ನೇ ನೋಡುವಂತೆ ಮಾಡಿದಾಗ ಆಟಿಸಂ ಇರುವವರ ಮಿದುಳಿನ ಒಳಪದರದ, ಭಯ ಮತ್ತು ಎಚ್ಚರಕ್ಕೆ ಸಂಬಂಧಿಸಿದ ಭಾಗಗಳು ಅತಿಯಾಗಿ ಚುರುಕಾದವು. ಅಂದರೆ ಅವರು ನೋಟ ತಪ್ಪಿಸುವುದು ಎದುರಿನವರ ಬಗ್ಗೆ ಅಸಡ್ಡೆಯಿಂದ ಇರಬೇಕಿಲ್ಲ, ಆ ನೋಟದ ತೀಕ್ಷ್ಣತೆ ತಡೆಯಲಾಗದೆ ಇರಬಹುದು. ಇಷ್ಟಕ್ಕೂ ಎಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಮರ್ಯಾದೆ ಎಂಬುದು ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ಶಿಕ್ಷಕರು ತಲೆ ಎತ್ತಿ ನೋಡು ಎನ್ನುತ್ತಾರೆ. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರನ್ನು ದಿಟ್ಟಿಸಿ ನೋಡಿದ ಹುಡುಗನಿಗೆ ‘ಏನೋ ಹಾಗೆ ಗುರಾಯಿಸ್ತೀಯ’ ಎಂದು ಬೈಗುಳ ಬೀಳುತ್ತದೆ.

ಇತ್ತ ಹಳೆಯ ಪರೀಕ್ಷೆಗಳ ತಳಪಾಯವೇ ಅಲುಗಾಡತೊಡಗಿತ್ತು. ಮೊದಲ ಪೆಟ್ಟು ಬಂದದ್ದು ಅಲೆಕ್ಸಿಥೈಮಿಯಾ ಎಂಬ ಸ್ಥಿತಿಯ ಅಧ್ಯಯನದಿಂದ. ತನ್ನೊಳಗೆ ಆಗುತ್ತಿರುವುದು ಸಿಟ್ಟೋ ದುಃಖವೋ ಆತಂಕವೋ ಎಂದು ಗುರುತಿಸುವುದಕ್ಕೇ ಕೆಲವರಿಗೆ ಕಷ್ಟವಾಗುತ್ತದೆ. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ತೊಡಕಿದೆ. ಉಳಿದ ಜನರಲ್ಲಿ ಇದು ಸುಮಾರು ನೂರಕ್ಕೆ ಐದು. ಜೆಫ್ ಬರ್ಡ್ ಮತ್ತು ರಿಚರ್ಡ್ ಕುಕ್ ಅವರ ತಂಡ 2013ರಲ್ಲಿ ಆಟಿಸಂ, ಅಲೆಕ್ಸಿಥೈಮಿಯಾ ಎರಡನ್ನೂ ಬೇರ್ಪಡಿಸಿ ನೋಡಿತು. ಮುಖದ ಭಾವವನ್ನು ಗುರುತಿಸುವಲ್ಲಿ ಎಡವುವವರು ಯಾರೆಂದು ಮೊದಲೇ ಸೂಚಿಸುತ್ತಿದ್ದದ್ದು ಅಲೆಕ್ಸಿಥೈಮಿಯಾ, ಆಟಿಸಂ ಅಲ್ಲ. ಕಣ್ಣುಗಳ ಪರೀಕ್ಷೆಯ ಕಥೆಯೂ ಹೀಗೆಯೇ ಎಂದು 2016ರ ಇನ್ನೊಂದು ಅಧ್ಯಯನ ತೋರಿಸಿತು. ಮನಸ್ಸನ್ನು ಓದುವ ಶಕ್ತಿಯನ್ನು ಅಳೆಯುತ್ತಿದ್ದೇವೆ ಎಂದುಕೊಂಡಿದ್ದ ಪರೀಕ್ಷೆ ಬಹುಮಟ್ಟಿಗೆ ಅಳೆಯುತ್ತಿದ್ದದ್ದು ಭಾವನೆಗೆ ಹೆಸರಿಡುವ ಶಕ್ತಿಯನ್ನು. ಹಾಗಿದ್ದರೆ ಆಟಿಸಂ ಇರುವವರಿಗೆಲ್ಲ ಪರರ ಭಾವ ತಿಳಿಯದು ಎಂದು ಒಂದೇ ಏಟಿಗೆ ಹೇಳಿದ್ದು ಎಷ್ಟು ಸರಿ?

ಎರಡನೆಯ ಪೆಟ್ಟು ಪ್ರಯೋಗಾಲಯದ ಒಳಗಿನದು. ಬಾಯಿಬಿಟ್ಟು ಕೇಳಿದರೆ ಸರಿಯಾದ ಉತ್ತರ ಕೊಡುವ ಆಟಿಸಂ ಇರುವ ವಯಸ್ಕರು, ಕೇಳದೆ ಇದ್ದಾಗ ಇತರರ ನಂಬಿಕೆಯನ್ನು ತಾವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅತ್ಸುಶಿ ಸೆಂಜು ಮತ್ತು ಸಂಗಡಿಗರು 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಪಾತ್ರ ಮುಂದೆ ಯಾವ ಕಡೆ ಕೈ ಹಾಕೀತು ಎಂದು ನೋಡುಗರ ಕಣ್ಣು ಮೊದಲೇ ಅತ್ತ ಹೊರಳುತ್ತದೆಯೇ ಎಂಬುದು ಅವರ ಅಳತೆಗೋಲು. ಅದರ ಮೇಲೆ ಬಹಳಷ್ಟು ಸಿದ್ಧಾಂತ ಕಟ್ಟಲಾಯಿತು. ಆದರೆ 2018ರ ಹೊತ್ತಿಗೆ ಬೇರೆ ಪ್ರಯೋಗಾಲಯಗಳು ಇದೇ ಬಗೆಯ ಪ್ರಯೋಗಗಳನ್ನು ಆಟಿಸಂ ಇಲ್ಲದ ವಯಸ್ಕರ ಮೇಲೆ ಮತ್ತೆ ಮಾಡಿದಾಗ, ಅವರ ಕಣ್ಣೂ ನಿರೀಕ್ಷಿಸಿದ ಕಡೆ ನಂಬುವಂತೆ ಹೊರಳಲಿಲ್ಲ. ಎಲ್ಲರಲ್ಲೂ ಇದೆ ಎಂದುಕೊಂಡದ್ದೇ ಗಟ್ಟಿಯಾಗಿ ಸಿಗದಿದ್ದರೆ, ಒಂದು ಗುಂಪಿನಲ್ಲಿ ಮಾತ್ರ ಅದಿಲ್ಲ ಎನ್ನುವುದು ಹೇಗೆ?

ಮೂರನೆಯದು ಪೆಟ್ಟಿಗಿಂತ ಹೆಚ್ಚಾಗಿ ಒಂದು ತಿರುವು. ಡೇಮಿಯನ್ ಮಿಲ್ಟನ್ ಬ್ರಿಟನ್ನಿನ ವಿದ್ವಾಂಸರು, ಸ್ವತಃ ಆಟಿಸಂ ಇರುವವರು. 2012ರ ಪ್ರಬಂಧವೊಂದರಲ್ಲಿ ಅವರು ಕೇಳಿದ್ದು ಸರಳ ಪ್ರಶ್ನೆ. ಇಬ್ಬರ ನಡುವೆ ಮಾತು ಕೆಟ್ಟರೆ ದೋಷ ಒಬ್ಬರ ತಲೆಯೊಳಗೆ ಮಾತ್ರ ಇರುವುದು ಹೇಗೆ ಸಾಧ್ಯ? ಬದುಕಿನ ಅನುಭವವೂ ಇಂದ್ರಿಯಗಳು ಗ್ರಹಿಸುವ ರೀತಿಯೂ ಬೇರೆ ಬೇರೆಯಾದ ಇಬ್ಬರು ಎದುರಾದಾಗ ಅಪಾರ್ಥ ಎರಡೂ ಕಡೆಯಿಂದ ಹುಟ್ಟುತ್ತದೆ ಎಂಬುದು ಅವರ ವಾದ. ಅವರು ಇದನ್ನು ಇಮ್ಮುಖ ಸಹಾನುಭೂತಿಯ ಸಮಸ್ಯೆ ಎಂಬರ್ಥದ ಹೆಸರಿನಿಂದ ಕರೆದರು. ಆಗ ಅದು ತತ್ತ್ವದ ಮಟ್ಟದ ವಾದವಾಗಿತ್ತು, ಅದಕ್ಕೆ ಅಂಕಿಅಂಶ ಒದಗಿದ್ದು ಆಮೇಲೆ.

2016ರಲ್ಲಿ ಎಲಿಜಬೆತ್ ಶೆಪರ್ಡ್ ಮತ್ತು ಸಂಗಡಿಗರು ಹೀಗೆ ಮಾಡಿದರು. ಒಬ್ಬರಿಗೆ ಜೋಕು ಹೇಳುವುದು, ಇನ್ನೊಬ್ಬರನ್ನು ಸುಮ್ಮನೆ ಕಾಯಿಸುವುದು, ಮತ್ತೊಬ್ಬರನ್ನು ಹೊಗಳುವುದು. ಆಗ ಅವರ ಮುಖದಲ್ಲಿ ಆದ ಬದಲಾವಣೆಯನ್ನು ಚಿತ್ರಿಸಿಕೊಂಡು, ಆಟಿಸಂ ಇಲ್ಲದ ವೀಕ್ಷಕರಿಗೆ ತೋರಿಸಿ, ಈ ವ್ಯಕ್ತಿಗೆ ಏನಾಗಿತ್ತು ಹೇಳಿ ಎಂದರು. ಆಟಿಸಂ ಇರುವವರ ಮುಖ ನೋಡಿದಾಗ ವೀಕ್ಷಕರ ಊಹೆ ಹೆಚ್ಚು ತಪ್ಪಿತು. ಆ ಮುಖಗಳಲ್ಲಿ ಭಾವವೇ ಇರಲಿಲ್ಲ ಎನ್ನುವಂತಿಲ್ಲ. ಉಳಿದವರ ಮುಖಗಳಷ್ಟೇ ಭಾವ ಅಲ್ಲೂ ಇದೆ ಎಂದು ಅಂದಾಜಿಸಲಾಗಿತ್ತು. ಭಾವವಿತ್ತು, ನೋಡುವವರಿಗೆ ಓದಲು ಬರಲಿಲ್ಲ.

ಅದೇ ವರ್ಷ ಲಂಡನ್ನಿನ ರೋಸನ್ನಾ ಈಡಿ ಮತ್ತು ಸಂಗಡಿಗರು ತ್ರಿಕೋನಗಳನ್ನು ಮತ್ತೆ ಕೈಗೆತ್ತಿಕೊಂಡು, ಪ್ರಯೋಗವನ್ನು ತಲೆಕೆಳಗು ಮಾಡಿದರು. ಈ ಬಾರಿ ಆಟಿಸಂ ಇರುವವರು ಬರೀ ನೋಡುಗರಾಗಿ ಕೂರಲಿಲ್ಲ. ತ್ರಿಕೋನಗಳನ್ನು ತಾವೇ ಸರಿಸಿ, ಒಂದು ಇನ್ನೊಂದನ್ನು ಗೇಲಿ ಮಾಡುವಂಥ ಸನ್ನಿವೇಶಗಳನ್ನು ತೋರಿಸಿದರು. ಆಟಿಸಂ ಇಲ್ಲದವರೂ ಹಾಗೆಯೇ ಮಾಡಿದರು. ಬಳಿಕ ಎಲ್ಲವನ್ನೂ ಕಲೆಸಿ ತೋರಿಸಿದಾಗ, ಆಟಿಸಂ ಇಲ್ಲದ ನೋಡುಗರು ತಮ್ಮಂಥವರು ಮಾಡಿದ ಚಿತ್ರಗಳನ್ನು ಸುಲಭವಾಗಿ ಗುರುತಿಸಿದರು, ಆಟಿಸಂ ಇರುವವರು ಮಾಡಿದ್ದರಲ್ಲಿ ತಡವರಿಸಿದರು. ಇದಕ್ಕೊಂದು ಕಾರಣ ಮೈಯ ಚಲನೆಯಲ್ಲೇ ಇರಬಹುದು. ಆಟಿಸಂ ಇರುವವರ ಕೈಚಲನೆ ಹೆಚ್ಚು ವೇಗವಾಗಿಯೂ ತಟಕ್ಕನೆ ಬದಲಾಗುವಂತೆಯೂ ಇರುತ್ತದೆ ಎಂದು ಅದಕ್ಕೆ ಮುಂಚಿನ ಅಳತೆಗಳು ತೋರಿಸಿದ್ದವು. ತನ್ನ ಮೈ ಚಲಿಸುವ ರೀತಿಯಿಂದಲೇ ಎಲ್ಲರೂ ಇತರರ ಚಲನೆಗೆ ಅರ್ಥ ಕಟ್ಟುತ್ತಾರೆ ಎನ್ನುವುದಾದರೆ, ಎರಡು ಗುಂಪುಗಳು ಒಬ್ಬರನ್ನೊಬ್ಬರು ತಪ್ಪಾಗಿ ಓದುವುದರಲ್ಲಿ ಅಚ್ಚರಿಯಿಲ್ಲ. ಆದರೆ ಆಟಿಸಂ ಇರುವವರಿಗೆ ತಮ್ಮಂಥವರ ಚಿತ್ರಗಳು ಹೆಚ್ಚು ಸುಲಭವೇನೂ ಆಗಲಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಸಮಸ್ಯೆ ಇಮ್ಮುಖ ಎಂದರೆ ಎರಡು ಮುಖಗಳೂ ತದ್ರೂಪು ಎಂದಲ್ಲ.

ತಪ್ಪಾಗಿ ಓದುವುದಷ್ಟೇ ಆಗಿದ್ದರೆ ಅಷ್ಟೊಂದು ನಷ್ಟವಿರಲಿಲ್ಲ. ಓದಿದ ಮರುಕ್ಷಣವೇ ತೀರ್ಪೂ ಬಂದುಬಿಡುತ್ತದೆ. ಟೆಕ್ಸಸ್ ವಿಶ್ವವಿದ್ಯಾಲಯದ ಡಾಲಸ್ ಕೇಂದ್ರದ ನೋವಾ ಸ್ಯಾಸನ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ್ದು ಇದನ್ನೇ. ಹತ್ತು ಸೆಕೆಂಡಿನ ತುಣುಕು ನೋಡಿದ ಜನ, ಆಟಿಸಂ ಇರುವವರ ಪಕ್ಕದಲ್ಲಿ ಕೂರಲು, ಅವರೊಂದಿಗೆ ಮಾತಿಗಿಳಿಯಲು ಅಷ್ಟು ಇಷ್ಟಪಡಲಿಲ್ಲ. ಯಾರಿಗೆ ಆಟಿಸಂ ಇದೆ ಎಂದು ಅವರಿಗೆ ಹೇಳಿರಲಿಲ್ಲ. ಆಮೇಲೆ ದೃಶ್ಯವನ್ನೂ ದನಿಯನ್ನೂ ತೆಗೆದು, ಆಡಿದ ಮಾತನ್ನು ಮಾತ್ರ ಅಕ್ಷರದಲ್ಲಿ ಕೊಟ್ಟಾಗ ಆ ವ್ಯತ್ಯಾಸ ಮಾಯವಾಯಿತು. ಅವರು ಹೇಳಿದ್ದರಲ್ಲಿ ಕೊರತೆಯಿರಲಿಲ್ಲ, ಹೇಳಿದ ರೀತಿ ಕೇಳುವವರಿಗೆ ಒಗ್ಗಲಿಲ್ಲ. ಈ ತೀರ್ಪಿನ ಅರಿವಿರುವುದರಿಂದಲೇ ಎಷ್ಟೋ ವಯಸ್ಕರು ನಗು, ನೋಟ, ದನಿಯ ಏರಿಳಿತಗಳನ್ನು ಅಭ್ಯಾಸ ಮಾಡಿಕೊಂಡು ದಿನವಿಡೀ ವೇಷ ಹಾಕಿ ಬದುಕುತ್ತಾರೆ. ಅದರ ಜೊತೆ ದಣಿವು, ಖಿನ್ನತೆ, ಸಾಯುವ ಯೋಚನೆ ಕೂಡ ಬರುತ್ತದೆ ಎಂಬುದನ್ನು ಬ್ರಿಟನ್ನಿನ ಅಧ್ಯಯನಗಳು ದಾಖಲಿಸಿವೆ.

ಹಾಗೆಂದು ಹೊಸ ವಾದಕ್ಕೆ ಕಣ್ಣುಮುಚ್ಚಿ ಜೈ ಎನ್ನುವಂತೆಯೂ ಇಲ್ಲ. ಎಡಿನ್‌ಬರೋದ ಕ್ಯಾಥರೀನ್ ಕ್ರಾಂಪ್ಟನ್ ಅವರ ತಂಡ 2020ರಲ್ಲಿ ಎಂಟೆಂಟು ಜನರ ಸಾಲುಗಳನ್ನು ಮಾಡಿ, ಮಕ್ಕಳ ಆಟದ ಹಾಗೆ ಒಂದು ಕಥೆಯನ್ನು ಬಾಯಿಂದ ಬಾಯಿಗೆ ದಾಟಿಸಿತು. ಆಟಿಸಂ ಇರುವವರೇ ತುಂಬಿದ ಸಾಲು, ಇಲ್ಲದವರೇ ತುಂಬಿದ ಸಾಲಿನಷ್ಟೇ ಚೆನ್ನಾಗಿ ಕಥೆಯನ್ನು ದಾಟಿಸಿತು. ಕಥೆ ಬೇಗ ಸೋರಿಹೋದದ್ದು ಇಬ್ಬರೂ ಬೆರೆತ ಸಾಲಿನಲ್ಲಿ. ಮಿಲ್ಟನ್ ವಾದಕ್ಕೆ ಇದಕ್ಕಿಂತ ಚೆಂದದ ಸಾಕ್ಷ್ಯ ಬೇಕಿರಲಿಲ್ಲ. ಆದರೆ ಅಲ್ಲಿದ್ದದ್ದು 72 ಜನ. ಅದೇ ತಂಡ 311 ಜನರೊಂದಿಗೆ ಪ್ರಯೋಗವನ್ನು ಮತ್ತೆ ಮಾಡಿ 2025ರಲ್ಲಿ ಪ್ರಕಟಿಸಿದಾಗ, ಮೂರೂ ಬಗೆಯ ಸಾಲುಗಳ ನಡುವೆ ಗಣನೀಯ ವ್ಯತ್ಯಾಸವೇ ಸಿಗಲಿಲ್ಲ. ಬೆರೆತ ಸಾಲು ಸೋಲುತ್ತದೆ ಎಂಬ ಅರ್ಧ ಬಿದ್ದುಹೋಯಿತು. ಆಟಿಸಂ ಇರುವವರು ವಿಷಯ ದಾಟಿಸುವುದರಲ್ಲಿ ಹಿಂದಿಲ್ಲ ಎಂಬ ಅರ್ಧ ಗಟ್ಟಿಯಾಗಿ ನಿಂತಿತು. ತಮ್ಮ ಹಿಂದಿನ ಫಲಿತಾಂಶಕ್ಕೆ ಒಪ್ಪದ್ದನ್ನೂ ಮರೆಮಾಚದೆ ಪ್ರಕಟಿಸಿದ ಆ ತಂಡವನ್ನು ಮೆಚ್ಚಬೇಕು.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. 2016ರಲ್ಲಿ ಆಟಿಸಂ ಕುರಿತ ಪತ್ರಿಕೆಗಳಲ್ಲಿ ಬಂದ ಅಧ್ಯಯನಗಳನ್ನು ಜಾಲಾಡಿದ ಒಂದು ಸಮೀಕ್ಷೆಯ ಪ್ರಕಾರ, ಅವುಗಳಲ್ಲಿ ಭಾಗವಹಿಸಿದ ಆಟಿಸಂ ಇರುವವರಲ್ಲಿ ಶೇ 94 ಮಂದಿಗೆ ಬೌದ್ಧಿಕ ಅಸಾಮರ್ಥ್ಯ ಇರಲಿಲ್ಲ. ಮಾತೇ ಬಾರದವರು, ಜೀವನಪೂರ್ತಿ ಆರೈಕೆ ಬೇಕಾದವರು, ಅವರ ಹಿಂದೆ ಮುಪ್ಪಾಗುತ್ತಿರುವ ತಂದೆತಾಯಿ ಈ ವಿಜ್ಞಾನದ ಕಣ್ಣಿಗೆ ಬಿದ್ದಿರುವುದು ಅಪರೂಪ. ನಾನು ಇಲ್ಲಿ ಹೇಳಿದ ಬಹುತೇಕ ಸಂಗತಿ ಬ್ರಿಟನ್ ಮತ್ತು ಅಮೆರಿಕದ, ಮಾತು ಬಲ್ಲ ವಯಸ್ಕರ ಬಗ್ಗೆ. ಅದನ್ನು ಎಲ್ಲರಿಗೂ ಹಿಗ್ಗಿಸಿ ಹೇಳಬಾರದು.

ಪ್ರಯೋಗಾಲಯದ ಆಚೆ ಒಂದು ಇಡೀ ಬದುಕೇ ಈ ಚರ್ಚೆಗೆ ಬೆಳಕು ಚೆಲ್ಲುತ್ತದೆ. ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಿಂದ ಆಟಿಸಂ ಎಂಬ ರೋಗನಿರ್ಣಯ ಹುಟ್ಟಿತು. ಅದರಲ್ಲಿ ಬರುವ ಮೊದಲ ಹುಡುಗ ಡೊನಾಲ್ಡ್ ಟ್ರಿಪ್ಲೆಟ್. ಕಾಲೇಜು ಓದು ಮುಗಿಸಿ ಅವರು ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ತಮ್ಮ ಸಣ್ಣ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಕಾರು ಓಡಿಸಿದರು, ಗಾಲ್ಫ್ ಆಡಿದರು, ಒಬ್ಬರೇ ದೇಶದೇಶ ಸುತ್ತಿದರು. 2023ರಲ್ಲಿ 89ನೇ ವಯಸ್ಸಿಗೆ ತೀರಿಕೊಂಡರು. ಪರಿಚಿತರಿಗೆ ಒಂದೊಂದು ಸಂಖ್ಯೆ ಕೊಟ್ಟು ಅದನ್ನು ಮರೆಯದೆ ಕರೆಯುತ್ತಿದ್ದದ್ದು ಅವರ ವಾಡಿಕೆ. ಊರಿನವರಿಗೆ ಅದು ವಿಚಿತ್ರವೆನಿಸುವುದು ಎಂದೋ ನಿಂತುಹೋಗಿತ್ತು. ಅವರನ್ನು ಹುಡುಕಿಕೊಂಡು ಬಂದ ಪತ್ರಕರ್ತರಿಗೆ, ಅವರಿಗೆ ನೋವಾಗುವಂಥದ್ದೇನೂ ಮಾಡಬೇಡಿ ಎಂದು ಊರಿನ ಜನ ಎಚ್ಚರಿಕೆ ಕೊಟ್ಟಿದ್ದರು. ಅವರದು ಬ್ಯಾಂಕಿನ ಪಾಲುದಾರರ ಮನೆತನ, ಹಣಕ್ಕೆ ಕೊರತೆಯಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಆದರೂ ಕಣ್ಣಿನ ಚಿತ್ರದ ಪರೀಕ್ಷೆಯಲ್ಲಿ ಅವರಿಗೆ ಎಷ್ಟು ಅಂಕ ಬರುತ್ತಿತ್ತು ಎಂಬುದಕ್ಕಿಂತ, ಅವರನ್ನು ಓದಲು ಊರು ಕಲಿತಿತ್ತು ಎಂಬುದೇ ಅವರ ಬದುಕನ್ನು ಹೆಚ್ಚು ರೂಪಿಸಿತು.

ಎಲ್ಲರಿಗೂ ಅಂಥ ಊರು ಸಿಗುವುದಿಲ್ಲ. ಹೆಚ್ಚಿನವರಿಗೆ ಸಿಗುವುದು ಅಪರಿಚಿತರು, ಅದರಲ್ಲೂ ಮೇಜಿನ ಆಚೆ ಕುಳಿತ ಸಂದರ್ಶಕರು. ‘ನಿಮ್ಮ ಬಗ್ಗೆ ಸ್ವಲ್ಪ ಹೇಳಿ’ ಎಂಬ ಪ್ರಶ್ನೆಯನ್ನೇ ನೋಡಿ. ಹುಟ್ಟಿದ ಊರು ಹೇಳಬೇಕೋ, ಓದಿದ್ದೋ, ಹವ್ಯಾಸವೋ, ಎಷ್ಟು ಹೊತ್ತು ಹೇಳಬೇಕೋ, ಒಂದೂ ಅದರಲ್ಲಿಲ್ಲ. ಕೇಳುವವರ ಮನಸ್ಸನ್ನು ಊಹಿಸಿಯೇ ಉತ್ತರಿಸಬೇಕು. ಬ್ರಿಟನ್ನಿನ ಕೇಟಿ ಮಾರಸ್ ಮತ್ತು ಸಂಗಡಿಗರು 2021ರಲ್ಲಿ ಸಂದರ್ಶನದ ಪ್ರಶ್ನೆಗಳನ್ನು ಬಿಡಿಸಿ, ಸ್ಪಷ್ಟಪಡಿಸಿ ಕೇಳಿ ನೋಡಿದರು. ಆಟಿಸಂ ಇರುವವರ ಉತ್ತರಗಳಿಗೆ ಹೆಚ್ಚು ಅಂಕ ಬಂತು. ಆಟಿಸಂ ಇಲ್ಲದವರ ಉತ್ತರಗಳೂ ಸುಧಾರಿಸಿದವು. ಡೆನ್ಮಾರ್ಕಿನ ಸ್ಪೆಷಲಿಸ್ಟರ್ನ ಎಂಬ ಸಂಸ್ಥೆ ಆಟಿಸಂ ಇರುವವರನ್ನು ಆರಿಸುವಾಗ ಮಾತಿನ ಬದಲು ಲೆಗೊ ರೋಬೊ ಕಟ್ಟುವಂಥ ಕೆಲಸ ಕೊಟ್ಟು ನೋಡುವ ಪದ್ಧತಿ ತಂದಿತು. ಅದರ ಜೊತೆಗೂಡಿ ಎಸ್‌ಎಪಿ ಎಂಬ ತಂತ್ರಾಂಶ ಕಂಪನಿ 2013ರಲ್ಲಿ ಜಗತ್ತಿನಾದ್ಯಂತದ ನೇಮಕಾತಿ ಯೋಜನೆ ಘೋಷಿಸಿತು. ಅದಕ್ಕೂ ಮೊದಲು ಬೆಂಗಳೂರಿನ ತನ್ನ ಕೇಂದ್ರದಲ್ಲಿ ಆಟಿಸಂ ಇರುವವರನ್ನು ತಂತ್ರಾಂಶ ಪರೀಕ್ಷಕರಾಗಿ ಸೇರಿಸಿಕೊಂಡು ಅದು ಪ್ರಯೋಗ ನಡೆಸಿತ್ತು.

ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಸರ್ಕಾರಿ ಹುದ್ದೆಗಳಲ್ಲಿನ ಶೇ 4 ಮೀಸಲಾತಿಯಲ್ಲಿ ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಮಾನಸಿಕ ಅಸ್ವಸ್ಥತೆ ಮುಂತಾದವಕ್ಕೆಲ್ಲ ಸೇರಿ ಶೇ 1 ಇದೆ. ಬಾಗಿಲು ಕಾಗದದ ಮೇಲೆ ತೆರೆದಿದೆ, ಎಷ್ಟೋ ಕಡೆ ಹೊಸ್ತಿಲಲ್ಲಿ ಸಂದರ್ಶನ ಕೂತಿದೆ.

ಸಂದರ್ಶಕರಿಗೆ ತರಬೇತಿ ಕೊಟ್ಟರೆ ಆಯಿತಲ್ಲ ಎನ್ನಬಹುದು. ಅದನ್ನೂ ಸ್ಯಾಸನ್ ತಂಡ ಪರೀಕ್ಷಿಸಿದೆ. ಎದುರಿನವರಿಗೆ ಆಟಿಸಂ ಇದೆ ಎಂದು ತಿಳಿಸಿದಾಗ, ಆಟಿಸಂ ಬಗ್ಗೆ ತಿಳಿವಳಿಕೆಯೂ ಇದ್ದಾಗ, ಮೊದಲ ನೋಟದ ಅಭಿಪ್ರಾಯ ಸುಧಾರಿಸಿತು. 2021ರ ಅಧ್ಯಯನದಲ್ಲಿ ತರಬೇತಿ ಪಡೆದವರು ಬಾಯಿಬಿಟ್ಟು ಹೇಳುವ ಅಭಿಪ್ರಾಯ ಬದಲಾಯಿತು, ಆದರೆ ಅವರಿಗೇ ಅರಿವಿಲ್ಲದೆ ಒಳಗೆ ಕೆಲಸ ಮಾಡುವ ಪೂರ್ವಗ್ರಹ ಹಾಗೆಯೇ ಉಳಿಯಿತು. ಒಳಮನಸ್ಸು ಇಷ್ಟು ನಿಧಾನವಾದರೆ ಅದನ್ನು ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ. ಬದಲಾಯಿಸಬೇಕಾದ್ದು ವಿಧಾನವನ್ನು. ಪ್ರಶ್ನೆಗಳನ್ನು ಮೊದಲೇ ಬರೆದು ಕೊಡಬಹುದು, ಬರಹದಲ್ಲಿ ಉತ್ತರ ಪಡೆಯಬಹುದು, ಮಾಡಬೇಕಾದ ಕೆಲಸವನ್ನೇ ಅರ್ಧ ದಿನ ಮಾಡಿಸಿ ನೋಡಬಹುದು. ಕೇಂದ್ರ ಸರ್ಕಾರ 2016ರ ಜನವರಿಯಿಂದ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಭ್ರಷ್ಟಾಚಾರ ತಡೆಯಲೆಂದು ಆ ಕ್ರಮ ಕೈಗೊಂಡದ್ದು, ಆಟಿಸಂ ಅದರ ಲೆಕ್ಕದಲ್ಲೇ ಇರಲಿಲ್ಲ. ಸಂದರ್ಶನವಿಲ್ಲದೆಯೂ ನೇಮಕಾತಿ ನಡೆಯುತ್ತದೆ ಎಂಬುದು ಅದರಿಂದ ಸಾಬೀತಾಗಿದೆ. ಹತ್ತು ಸೆಕೆಂಡಿನ ನೋಟಕ್ಕೆ ಒಬ್ಬರ ಅನ್ನದ ಮೇಲೆ ಅಷ್ಟು ಅಧಿಕಾರ ಕೊಡುವುದನ್ನು ಉಳಿದ ಕಚೇರಿಗಳೂ ಕಂಪನಿಗಳೂ ಇನ್ನು ಸಮರ್ಥಿಸಿಕೊಳ್ಳಲಾರವು.